ದೃಷ್ಟಿಬೊಂಬೆಯೂ ಜಪಾನಿನ ಬೆಕ್ಕೂ

ನೀಲಾಂಬಿಕೆಯ ಹೊಸ ಮನೆಗೆ ಕೆಟ್ಟ ಕಣ್ಣು ಬೀಳದಿರಲೆಂದು ಬಾಗಿಲ ಮೇಲೆ ದೃಷ್ಟಿಬೊಂಬೆ ತೂಗುತ್ತಿತ್ತು. ಮೊಮ್ಮಗಳು ಅದನ್ನು ಇಳಿಸಿ ಮೂಲೆಗಿಟ್ಟು, ಅದೇ ಮೊಳೆಗೆ ಜಪಾನಿನ ಬೆಕ್ಕಿನ ಗೊಂಬೆಯೊಂದನ್ನು ನೇತುಹಾಕಿದಳು. ಅದಕ್ಕೆ ಕಪ್ಪು ಟೋಪಿ, ತಲೆಬುರುಡೆಯ ಪದಕ, ಸಿಡುಕು ಮೋರೆ.

“ತಾತ, ವಿಶ್ರಾಂತಿ ತಗೊ. ನಾನು ಯಾರ ಮಾತೂ ಕೇಳುವುದಿಲ್ಲ. ನನಗೆ ಜಗತ್ತೇ ಹೆದರುತ್ತದೆ,” ಎಂದಿತು ಬೆಕ್ಕು.

“ಹೆದರದಿದ್ದರೂ ಸರಿ ಮಗು, ನೋಡಿದವರು ಮುಖ ತಿರುಗಿಸಬೇಕು. ಆಗಲೇ ಮನೆ ಕ್ಷೇಮ,” ಎಂದಿತು ಮೂಲೆಯಲ್ಲಿದ್ದ ಬೊಂಬೆ.

ಬೆಕ್ಕು ದಾರಿಹೋಕರತ್ತ ಹಲ್ಲು ಕಡಿಯಿತು. “ಅಯ್ಯೋ, ಇದರ ಕೋಪ ನೋಡೇ!” ಎಂದು ಹೆಂಗಸರು ನಿಂತರು. ಬೆಕ್ಕು ನಾಲಿಗೆ ಚಾಚಿತು. ಕಾಲೇಜಿನ ಹುಡುಗಿಯರು ಫೋಟೊ ತೆಗೆದರು. ನಿಂತವರೆಲ್ಲ ಬಾಗಿಲನ್ನೂ ಕಿಟಕಿಯನ್ನೂ ಬಿಡದೆ ನೋಡಿ, “ಪುಣ್ಯವಂತೆ, ಎಂಥ ಮನೆ ಕಟ್ಟಿಸಿದ್ದಾಳೆ!” ಎಂದು ನಿಟ್ಟುಸಿರು ಬಿಟ್ಟರು.

ಗದ್ದಲ ಕೇಳಿ ನೀಲಾಂಬಿಕೆ ಹೊರಬಂದಳು. ಜನರನ್ನು ಕಂಡು ಗಾಬರಿಯಾಗಿ, ಬೆಕ್ಕನ್ನು ಇಳಿಸಿ ಬೊಂಬೆಯನ್ನು ಮತ್ತೆ ಮೇಲೆ ಕಟ್ಟಿದಳು. ಆಮೇಲೆ ಕಾಡಿಗೆ ತಂದು ಬೆಕ್ಕಿನ ಕೆನ್ನೆಗೆ ಬೊಟ್ಟಿಟ್ಟಳು.

“ಪಾಪ, ಕೂಸಿಗೆ ಎಷ್ಟು ಜನರ ಕಣ್ಣು ತಗುಲಿತೋ!”

ಬೆಕ್ಕು ಕೋರೆಹಲ್ಲು ತೋರಿಸಿತು. ನೀಲಾಂಬಿಕೆ ಅದಕ್ಕೊಂದು ಮುತ್ತು ಕೊಟ್ಟಳು.