ಗರಸು ಗುತ್ತಿಗೆದಾರನ ಎಣ್ಣೆಸ್ನಾನ

“ಮಹಾಪ್ರಭು, ಹೊಳೆಯಿಂದ ಹೋದ ನೀರನ್ನೆಲ್ಲ ಹೊಳೆಗೇ ತುಂಬಿಸಿಕೊಟ್ಟಿದ್ದೇನೆ. ಬೇಕಾದರೆ ಕಣ್ಣಾರೆ ಬಂದು ನೋಡಿ!”

ಹೀಗೆಂದು ತುಂಬಿದ ಸಭೆಯಲ್ಲಿ ಎದೆ ತಟ್ಟಿಕೊಂಡವನು ಭೂಮಣ್ಣ. ಹುಲಿಗೋಡಿನ ರಾಜ ಚೆಂಗಪ್ಪರಾಯನಿಗೆ ರಸ್ತೆ ಹಾಕಿಸುವ ಹುಚ್ಚು. ಆ ರಸ್ತೆಗಳಿಗೆಲ್ಲ ಗರಸು ಒದಗಿಸುವ ಗುತ್ತಿಗೆ ಭೂಮಣ್ಣನದು. ಕೆಂಬತ್ತಿ ಹೊಳೆಯ ದಡವನ್ನು ಅವನು ಎಷ್ಟು ಆಳ ಅಗೆದಿದ್ದನೆಂದರೆ, ಹೊಳೆಯ ನೀರು ನೆಲದೊಳಗಿಂದಲೇ ಜಿನುಗಿ ಅವನ ಗುಂಡಿಗಳಿಗೆ ಇಳಿಯುತ್ತಿತ್ತು. ಗುಂಡಿಯಲ್ಲಿ ನಿಂತದ್ದನ್ನು ಬಿಸಿಲು ಕುಡಿಯುತ್ತಿತ್ತು. ಹೊಳೆ ಹರಿಯುವ ದಿಕ್ಕಿನಲ್ಲಿ ಕೆಳಗಿದ್ದ ಕೆಳಗೂರಿಗೆ ಉಳಿದದ್ದು ಒದ್ದೆ ಮರಳು.

ಕೆಳಗೂರಿನ ಪಟೇಲ ಸಣ್ಣೇಗೌಡ ಬಂದು ಗೋಳು ಹೇಳಿಕೊಂಡಾಗ ರಾಜ ಆಜ್ಞೆ ಮಾಡಿದ್ದ: “ಎಷ್ಟು ನೀರು ಹೋಗಿದೆಯೋ ಅಷ್ಟನ್ನೂ ಭೂಮಣ್ಣ ಹೊಳೆಗೆ ತುಂಬಿಸಿಕೊಡಬೇಕು.”

ಭೂಮಣ್ಣ ಗುಂಡಿಗಳ ಅಂಚಿನಲ್ಲಿ ಸಾಲಾಗಿ ಏತ ಹೂಡಿಸಿದ. ಗುಂಡಿಯ ನೀರನ್ನೇ ಎತ್ತಿಸಿ ಧೋ ಎಂದು ಹೊಳೆಗೆ ಸುರಿಸಿದ. ರಾಜ ಪಲ್ಲಕ್ಕಿಯಲ್ಲಿ ಬಂದ, ಬೆಳ್ಳಗೆ ಬೀಳುವ ನೀರನ್ನು ನೋಡಿದ, ಚಪ್ಪಾಳೆ ತಟ್ಟಿದ, ಹೊರಟುಹೋದ. ಸುರಿದ ನೀರು ನಾಲ್ಕು ಮಾರು ಹರಿದು, ಮತ್ತೆ ಮಣ್ಣಿಗಿಳಿದು, ಅದೇ ಗುಂಡಿ ಸೇರುವುದನ್ನು ನೋಡಬೇಕಿದ್ದರೆ ಪಲ್ಲಕ್ಕಿಯಿಂದ ಇಳಿಯಬೇಕಿತ್ತು.

“ನಾಳೆ ಭೂಮಣ್ಣನಿಗೆ ‘ಜಲದಾನಿ’ ಎಂಬ ಬಿರುದು. ಜೊತೆಗೆ ಕೆಳಗೂರಿನ ದಡವೂ ಅವನ ಗುತ್ತಿಗೆಗೆ,” ಎಂದು ಸಭೆಗೆ ಮರಳಿದ ರಾಜ ಸಾರಿಬಿಟ್ಟ.

ಪಟೇಲ ಕೈಮುಗಿದ. “ಬುದ್ಧಿ, ನಮ್ಮೂರಿಗೆ ನೀರಿನ ಸದ್ದು ಬಂದಿದೆ, ನೀರು ಬಂದಿಲ್ಲ. ಇನ್ನು ಆ ದಡಾನೂ ಅಗೆದ್ರೆ ನಾವು ಗಂಟುಮೂಟೆ ಕಟ್ಟಬೇಕಾಗ್ತದೆ.”

“ಸುರಿದದ್ದನ್ನು ನಾನೇ ನೋಡಿದ್ದೇನಲ್ಲ ಗೌಡರೇ! ರಾಜನ ಕಣ್ಣು ಸುಳ್ಳೇ?”

ರಾಜನ ಕಣ್ಣು ಸುಳ್ಳು ಎನ್ನಲು ಮಂತ್ರಿಗೆ ಧೈರ್ಯವಿರಲಿಲ್ಲ. ಸೇನಾಪತಿ ಮೀಸೆ ನೋಡಿಕೊಂಡ. ಆಗ ಕಂಬದ ಹಿಂದಿನಿಂದ ಬಂದವಳು ದಾದಿ ಮುದ್ದಾಜಮ್ಮ. ಅರಮನೆಯಲ್ಲಿ ರಾಜನನ್ನು ‘ಮಗಾ’ ಎನ್ನುವವಳು ಅವಳೊಬ್ಬಳೇ. ಚಿಕ್ಕಂದಿನಲ್ಲಿ ಅವನು ಸ್ನಾನಕ್ಕೆ ಹೆದರಿ ಮಂಚದಡಿ ಅವಿತುಕೊಂಡಾಗ ಕಾಲು ಹಿಡಿದು ಎಳೆದವಳಿಗೆ ಸಿಂಹಾಸನ ಕಂಡು ಏನು ಭಯ?

“ಒಳ್ಳೇದಾಯ್ತು ಮಗಾ. ಬಿರುದು ತಗೊಳ್ಳೋನಿಗೆ ಎಣ್ಣೆಸ್ನಾನ ಮಾಡಿಸೋದು ಅರಮನೆ ಪದ್ಧತಿ. ನಾನೇ ಮಾಡಿಸ್ತೀನಿ. ನೀನು ಹೊಸ ಪಂಚೆ ಹಿಡ್ಕೊಂಡು ಬಾಗಿಲ ಹೊರಗೆ ನಿಂತಿರು. ಹಂಡೆ ಕಾಯೋಕೆ ಈ ಪಟೇಲ ಇರಲಿ. ಹೇಗೂ ಊರಲ್ಲಿ ಅವನಿಗೆ ಗದ್ದೆ ಕೆಲಸ ಉಳಿದಿಲ್ಲ.”

ಮರುದಿನ ಬೆಳಿಗ್ಗೆ ಭೂಮಣ್ಣ ಲಂಗೋಟಿ ಕಟ್ಟಿಕೊಂಡು ಬಚ್ಚಲ ಮಣೆಯ ಮೇಲೆ ಕೂತ. ಮುದ್ದಾಜಮ್ಮ ನೆತ್ತಿಯಿಂದ ಹಿಮ್ಮಡಿಯವರೆಗೆ ಹರಳೆಣ್ಣೆ ಬಳಿದಳು. ಸೀಗೆಪುಡಿ ಕಲಸಿ ತಲೆಗೆ ಮೆತ್ತಿದಳು. ಎರಡು ಚೊಂಬು ಬಿಸಿನೀರನ್ನು ಹಂಡೆಯಿಂದ ಹೊಯ್ದಳು. ಸೀಗೆಪುಡಿ ಕಣ್ಣಿಗಿಳಿಯಿತು.

“ಅಯ್ಯಯ್ಯೋ, ಉರಿ! ಬೇಗ ನೀರು ಹಾಕಮ್ಮಾ!”

“ಹಾಕ್ತೀನಪ್ಪಾ, ಕಣ್ಣು ಬಿಗಿಯಾಗಿ ಮುಚ್ಕೋ.”

ಅವಳು ಬಚ್ಚಲ ತೂತಿಗೆ ಬಟ್ಟೆ ತುರುಕಿದ್ದಳು. ಭೂಮಣ್ಣನ ಮೈಯಿಂದ ಇಳಿದ ನೀರೆಲ್ಲ ಅವನ ಕಾಲ ಬುಡದಲ್ಲೇ ನಿಂತಿತ್ತು. ಅದನ್ನೇ ಮೊಗೆದಳು, ಹೊಯ್ದಳು. ಮೊಗೆದಳು, ಹೊಯ್ದಳು. ಜಳಜಳ ಸದ್ದು ಅಂಗಳಕ್ಕೆಲ್ಲ ಕೇಳಿಸಿತು.

“ಕೇಳಿಸ್ತಿದೆಯಾ ಮಗಾ?”

“ಕೇಳಿಸುತ್ತಿದೆ ಅಮ್ಮಾ! ಹೊಳೆಯೇ ಹರಿದ ಹಾಗಿದೆ,” ಎಂದ ಹೊರಗಿನಿಂದ ರಾಜ.

“ಜಿಡ್ಡೂ ಹೋಗಲಿಲ್ಲ, ಉರಿಯೂ ಹೋಗಲಿಲ್ಲ! ಇದೆಂಥ ನೀರು?” ಎಂದು ಭೂಮಣ್ಣ ಒದ್ದಾಡಿದ. ಕೊನೆಗೆ ತಡೆಯಲಾರದೆ ಒಂದು ಕಣ್ಣನ್ನು ಕಿರಿದಾಗಿ ತೆರೆದ. ಮುದುಕಿ ಅವನ ಕಾಲ ಸಂದಿಯಿಂದ ಚೊಂಬು ತುಂಬುತ್ತಿದ್ದಳು.

“ಏಯ್ ಮುದುಕಿ! ನನ್ನ ಮೈಮೇಲಿಂದ ಇಳಿದದ್ದನ್ನೇ ಬಾಚಿ ನನ್ನ ತಲೆಗೇ ಸುರೀತಿದ್ದೀಯಾ?”

“ಹೌದಪ್ಪ. ಎಷ್ಟು ಇಳೀತೋ ಅಷ್ಟನ್ನೂ ತುಂಬಿಸಿಕೊಡ್ತಿದ್ದೀನಿ.”

“ಸಾವಿರ ಸಲ ಸುರಿದರೂ ಇದು ಅದೇ ನೀರಲ್ವೇನೇ! ಬೇರೆ ಕಡೆಯಿಂದ ಹೊಸ ನೀರು ತಂದು ಹಾಕಿದರೆ ತಾನೇ ಹಾಕಿದ ಹಾಗೆ?”

ಹೊರಗೆ ರಾಜನ ಕೈಯಲ್ಲಿದ್ದ ಪಂಚೆ ಕೆಳಗೆ ಬಿತ್ತು. ತಾನು ಏನಂದೆ ಎನ್ನುವುದು ಭೂಮಣ್ಣನಿಗೆ ಆಮೇಲೆ ಹೊಳೆಯಿತು.

“ಭೂಮಣ್ಣಾ,” ರಾಜನ ದನಿ ಗಡುಸಾಗಿತ್ತು, “ಈಗ ಹೇಳಿದ್ದನ್ನು ಇನ್ನೊಂದು ಸಲ ಹೇಳು.”

“ಪ್ರಭು, ಅದು... ಬಚ್ಚಲಿನ ಮಾತು... ಅಯ್ಯೋ ಕಣ್ಣು! ಮೊದಲು ಹಂಡೆ ನೀರು ಹಾಕಿಸಿ!”

“ಹಂಡೆ ಈಗ ಪಟೇಲನ ವಶ,” ಎಂದಳು ಮುದ್ದಾಜಮ್ಮ. “ಅವನು ಹೂಂ ಅಂದ್ರೆ ಹೊಯ್ತೀನಿ.”

ಸಣ್ಣೇಗೌಡ ಹಂಡೆಯ ಮುಚ್ಚಳದ ಮೇಲೆ ಎರಡೂ ಕೈ ಊರಿದ. “ಕೊಡದೆ ಏನು ಸ್ವಾಮೀ? ಬೆಟ್ಟದ ಮೇಲೆ ನಿಮ್ಮ ಮಾವಿನತೋಪಿನ ಕೆರೆ ತುಂಬಿ ತುಳುಕ್ತಾ ಇದೆ. ಅದರ ತೂಬು ತೆಗೆಸಿ, ಕಾಲುವೆ ತೋಡಿಸಿ, ನಿಮ್ಮ ಗುಂಡಿಗಳ ಸಾಲು ದಾಟಿದ ಜಾಗದಲ್ಲಿ ಹೊಳೆಗೆ ಬಿಡಿ. ಗುಂಡಿ ಮುಚ್ಚೋವರೆಗೂ ಬಿಡ್ತಾ ಇರಿ.”

“ಕೆರೆಯಾ? ನನ್ನ ಮಾವು ಒಣಗಿಹೋಗ್ತದಲ್ಲೋ!”

“ಹಾಗಾದ್ರೆ ಕಣ್ಣು ಮುಚ್ಕೊಂಡೇ ಕೂತಿರಿ.”

ಮುದ್ದಾಜಮ್ಮ ಕಾಲ ಬುಡದಿಂದ ಇನ್ನೊಂದು ಚೊಂಬು ಮೊಗೆದಳು.

“ಬಿಡ್ತೀನಿ! ತೂಬು ತೆಗೆಸ್ತೀನಿ! ಗುಂಡೀನೂ ಮುಚ್ಚಿಸ್ತೀನಿ!”

“ರಾಜಾಜ್ಞೆ ಎಂದೇ ತಿಳಿ. ಕೆಳಗೂರಿನ ದಡದ ಮಾತು ಇಲ್ಲಿಗೆ ಮುಗಿಯಿತು,” ಎಂದ ರಾಜ. ಪಟೇಲ ಮುಚ್ಚಳ ತೆಗೆದ. ಭೂಮಣ್ಣ ಬಿಸಿನೀರಲ್ಲಿ ಕಣ್ಣು ತೊಳೆದುಕೊಂಡು, ಬಿರುದನ್ನೂ ಕೇಳದೆ, ಒದ್ದೆ ಮೈಯಲ್ಲೇ ಓಡಿದ.

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. “ಭಲೇ ಅಮ್ಮಾ! ಏನು ಬೇಕೋ ಕೇಳು.”

ಮುದ್ದಾಜಮ್ಮ ಮಣೆಯನ್ನು ತೊಳೆದು ಮತ್ತೆ ನೆಟ್ಟಗಿಟ್ಟಳು. ಉಳಿದ ಸೀಗೆಪುಡಿಯನ್ನು ಅಂಗೈಗೆ ಸುರಿದುಕೊಂಡಳು.

“ಏನೂ ಬೇಡ ಮಗಾ. ಆ ಏತ ನೋಡಿ ಚಪ್ಪಾಳೆ ತಟ್ಟಿದ ಕಣ್ಣು ಯಾವುದು? ಬಾ, ಕೂತ್ಕೋ.”