ಹಗ್ಗ ಮುಟ್ಟಿದವರ ಪಾಲು

"ಗುರುಗಳೇ, ಎಲ್ಲರ ಜೊತೆ ಕೂತು ಕೆಲಸ ಮಾಡಲು ಬಾರದವನನ್ನು ತಿದ್ದುವುದು ಹೇಗೆ?" ಎಂದು ಶೇಷಗಿರಿ ಕೇಳಿದ.

ಆಶ್ರಮದ ಮದ್ದಿನ ಕೊಟ್ಟಿಗೆಯ ಹೊಣೆ ಶೇಷಗಿರಿಯದು. ಅಲ್ಲಿ ಶಿಷ್ಯರು ಸಾಲಾಗಿ ಕೂತು ಬೇರು ಕುಟ್ಟುತ್ತಾರೆ. ಅವರಲ್ಲಿ ದೂಮಪ್ಪ ಎಂಬವನು ಸ್ವಲ್ಪ ಹೊತ್ತು ಕುಟ್ಟಿ ಎದ್ದುಬಿಡುತ್ತಾನೆ, ಹೊರಗೆ ಸುತ್ತುಹಾಕಿ ಬಂದು ಮತ್ತೆ ಕೂರುತ್ತಾನೆ. ಕರೆದರೆ ತಿರುಗಿ ನೋಡುವುದಿಲ್ಲ. ಉಳಿದವರ ಗೊಣಗಾಟ ಕೇಳಿ ಕೇಳಿ ಶೇಷಗಿರಿಗೆ ತಲೆ ಕೆಟ್ಟುಹೋಗಿತ್ತು. ನಾಳೆಯಿಂದ ದೂಮಪ್ಪ ಏಳಕೂಡದು, ಎದ್ದರೆ ಆಶ್ರಮ ಬಿಡಬೇಕು ಎಂದು ಹೇಳಿಬಿಡಲು ಅವನು ಮನಸ್ಸು ಮಾಡಿಕೊಂಡೇ ಬಂದಿದ್ದ.

"ಎದ್ದವನು ಹೊರಗೆ ಏನು ಮಾಡುತ್ತಾನೆ?"

"ಅದನ್ನೆಲ್ಲ ನಾನು ನೋಡಿಲ್ಲ."

"ಹಾಗಾದರೆ ಕೂತುಕೋ" ಎಂದು ಗುರುಗಳು ಕತೆ ಹೇಳತೊಡಗಿದರು.

ಕಡಲ ದಂಡೆಯ ಒಂದು ಊರಿನಲ್ಲಿ ಒಬ್ಬ ತಂಡೇಲನಿದ್ದ. ಬಲೆಯವರಿಗೆಲ್ಲ ಅವನೇ ಯಜಮಾನ. ಅವನು ಹೇಳಿದಾಗ ದೋಣಿ ಇಳಿಯಬೇಕು, ಬಲೆಯನ್ನು ಕಡಲಿನಲ್ಲಿ ಅರ್ಧಸುತ್ತಾಗಿ ಬಿಟ್ಟುಬರಬೇಕು. ಆಮೇಲೆ ಊರಿಗೆ ಊರೇ ದಂಡೆಯಲ್ಲಿ ನಿಂತು ಎರಡು ಕಡೆಯಿಂದ ಹಗ್ಗ ಹಿಡಿದು ಎಳೆಯುತ್ತಿತ್ತು. ಹಗ್ಗ ಮುಟ್ಟಿದವರಿಗೆಲ್ಲ ಮೀನಿನಲ್ಲಿ ಪಾಲು. ಮುದುಕಿಯೊಬ್ಬಳು ಬಂದು ಸುಮ್ಮನೆ ಕೈಯಿಟ್ಟರೂ ಪಾಲು. ಅದು ಆ ಊರಿನ ಕಟ್ಟಳೆ.

ಹಗ್ಗ ಮುಟ್ಟದೆಯೂ ಪಾಲು ಪಡೆಯುತ್ತಿದ್ದವನು ಒಬ್ಬನೇ. ಎಳೆಯುವವರ ಕೂಗು ಅವನ ಕಿವಿಗೆ ಸೇರುತ್ತಿರಲಿಲ್ಲ. ಕಿವಿ ಮುಚ್ಚಿಕೊಂಡು ದೂರ ಓಡುತ್ತಿದ್ದ. ನಿಂತಲ್ಲಿ ನಿಲ್ಲುವವನಲ್ಲ. ಬೆಳಗಿನಿಂದ ನೀರಿನಂಚಿನಲ್ಲೇ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ಎಲ್ಲಾದರೂ ನೀರಿನ ಬಣ್ಣ ಬದಲಾಗಿದ್ದು ಕಂಡರೆ ಮಾತ್ರ ತಟ್ಟನೆ ನಿಂತುಬಿಡುತ್ತಿದ್ದ. ಯಾಕೆ ನಿಂತೆನೆಂದು ಯಾರಿಗೂ ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಪಾಪದವನು, ಹೊಟ್ಟೆಗಿರಲಿ ಎಂದು ತಂಡೇಲ ಅವನಿಗೊಂದು ಪಾಲು ಕೊಡುತ್ತಿದ್ದ.

ಒಂದು ದಿನ ಎಳೆಯುವವರು ತಂಡೇಲನ ಮುಂದೆ ಬಂದು ಅಂಗೈ ಚಾಚಿದರು. ಅಂಗೈ ತುಂಬ ಬೊಬ್ಬೆ.

"ನಮ್ಮ ಕೈ ನೋಡಿ, ಅವನ ಕೈ ನೋಡಿ ತಂಡೇಲರೇ. ಗಾಳಿ ತಿನ್ನುತ್ತಾ ತಿರುಗುವವನಿಗೂ ಅದೇ ಪಾಲು ಅಂತಾದ್ರೆ ನಾವು ಯಾಕೆ ಎಳೀಬೇಕು?"

ತಂಡೇಲ ನ್ಯಾಯವಂತ. ಅವರ ಮಾತಿನಲ್ಲಿ ಅವನಿಗೆ ತಪ್ಪು ಕಾಣಲಿಲ್ಲ. ಹಗ್ಗ ಹಿಡಿ, ಇಲ್ಲದಿದ್ದರೆ ಪಾಲಿಲ್ಲ ಎಂದು ತಿರುಗಾಡುವವನಿಗೆ ಹೇಳಿದ. ಅವನು ಹಿಡಿದ. ಮೊದಮೊದಲು ಎಲ್ಲರೂ ಬಿಡುವಾಗ ಎಳೆದು, ಎಲ್ಲರೂ ಎಳೆಯುವಾಗ ಬಿಟ್ಟು ಬಿದ್ದ. ಕೂಗು ಎದ್ದಾಗಲೆಲ್ಲ ಹಲ್ಲು ಕಚ್ಚಿದ. ಆದರೂ ಕಲಿತ. ಅಂತೂ ದಾರಿಗೆ ಬಂದನಲ್ಲ ಎಂದು ಊರು ಖುಷಿಪಟ್ಟಿತು.

ಆದರೆ ಬಲೆ ಬರಿದಾಗಿ ಬರತೊಡಗಿತು. ಕಡಲು ಮುನಿದಿದೆ ಎಂದರು. ದೈವಕ್ಕೆ ಹರಕೆ ಹೇಳಿಕೊಂಡರು. ಬಲೆಯ ಕಣ್ಣು ಹರಿದಿದೆಯೇ ಎಂದು ನೋಡಿದರು, ದೋಣಿಯವರನ್ನು ಬದಲಿಸಿದರು. ತಂಡೇಲ ಕೂತಲ್ಲಿ ಕೂರಲಾರ, ಉಂಡ ಅನ್ನ ಅವನ ಮೈಗೆ ಹತ್ತದು. ಅವನನ್ನು ಇನ್ನೂ ಒಂದು ವಿಷಯ ಕೊರೆಯುತ್ತಿತ್ತು. ದೋಣಿ ಇಳಿಸಿ ಎನ್ನಲು ಬಾಯಿ ತೆರೆದಾಗಲೆಲ್ಲ ಅವನ ಕಣ್ಣು ದಂಡೆಯುದ್ದಕ್ಕೂ ಏನನ್ನೋ ಹುಡುಕುತ್ತಿತ್ತು. ಏನನ್ನು ಎಂದು ಅವನಿಗೇ ತಿಳಿಯದು. ಸಿಗದೆ, ಯಾವಾಗಲೋ ಒಮ್ಮೆ ಇಳಿಸಿ ಎಂದುಬಿಡುತ್ತಿದ್ದ.

ಒಂದು ಸಂಜೆ ತಳಮಳ ತಾಳಲಾರದೆ ತಾನೇ ನೀರಿನಂಚಿನಲ್ಲಿ ನಡೆಯಹೊರಟ. ನಡೆಯುತ್ತಾ ನಡೆಯುತ್ತಾ, ಮೀನಿನ ಹಿಂಡಿನಿಂದ ಒಂದೆಡೆ ನೀರಿನ ಬಣ್ಣ ಕಪ್ಪಾದದ್ದು ಕಂಡು ತಟ್ಟನೆ ನಿಂತ. ನಿಂತವನಿಗೆ ಹೊಳೆಯಿತು. ಇಷ್ಟು ಕಾಲ ತನ್ನ ಕಣ್ಣು ಹುಡುಕುತ್ತಿದ್ದುದು ಹೀಗೆ ನಿಲ್ಲುವ ಒಬ್ಬ ಮನುಷ್ಯನನ್ನು. ಅವನು ನಿಂತದ್ದು ಕಂಡಾಗಲೇ ತನ್ನ ಬಾಯಿಂದ ಅಪ್ಪಣೆ ಹೊರಡುತ್ತಿತ್ತು.

ತಂಡೇಲ ಓಡಿದ. ತಿರುಗಾಡುವವನು ಸುತ್ತಿಟ್ಟ ಹಗ್ಗದ ಪಕ್ಕದಲ್ಲಿ ಕೂತಿದ್ದ, ಹಗ್ಗದ ಮೇಲೆ ಕೈಯಿಟ್ಟುಕೊಂಡು.

"ಬಿಡು ಮಾರಾಯ, ಹಗ್ಗ ಬಿಡು. ನಿನ್ನ ಪಾಲು ನಿನಗುಂಟು. ಮೊದಲಿನ ಹಾಗೆ ನಡಿ."

ಅವನು ಹಗ್ಗವನ್ನು ಇನ್ನಷ್ಟು ಬಿಗಿಹಿಡಿದ. "ಬೇಡ ಧಣಿ. ಈಗ ನನಗೆ ಸರಿಯಾಗಿ ಎಳೀಲಿಕ್ಕೆ ಬರ್ತದೆ."

ತಂಡೇಲ ಕೈ ಹಿಡಿದು ಎಬ್ಬಿಸಿ ನೀರಿನಂಚಿಗೆ ಕರೆದೊಯ್ದ. ಅವನು ನಡೆದ. ನಡೆಯುವಾಗ ಕಡಲಿನ ಕಡೆ ನೋಡಲಿಲ್ಲ. ಮತ್ತೆ ಮತ್ತೆ ತಿರುಗಿ ಹಗ್ಗ ಅಲ್ಲೇ ಇದೆಯೇ ಎಂದು ನೋಡಿದ. ಅದನ್ನು ಕಂಡು ತಂಡೇಲನಿಗೆ ಅಳು ಬಂತು.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಯಾರೋ ನಡೆದಾಡುವ ಸದ್ದು ಕೇಳುತ್ತಿತ್ತು. ದೂಮಪ್ಪನೇ ಎಂದು ಶೇಷಗಿರಿಗೆ ಗೊತ್ತಾಯಿತು. ಈ ಸಲ ಶೇಷಗಿರಿ ಅವನನ್ನು ಕರೆಯಲಿಲ್ಲ.

"ಆಮೇಲೆ ಆ ಊರಿಗೆ ಮೀನು ಬಂತೇ, ಗುರುಗಳೇ?"

"ಅಲ್ಲಿ ಈಗ ಎಲ್ಲರೂ ಹಗ್ಗ ಬಹಳ ಚೆನ್ನಾಗಿ ಎಳೆಯುತ್ತಾರಂತೆ."