ಉಪ್ಪಿನ ಗದ್ದೆಯ ಆಕಾಶ

ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದ ಚೆನ್ನವೀರ ಒಂದು ದಿನ ತನ್ನ ಗುರುಗಳ ಬಳಿಗೆ ಬಂದು ಕೇಳಿದ: "ಗುರುಗಳೇ, ನನ್ನಲ್ಲಿ ಕಲಿಯುವ ಒಬ್ಬಳು ಹುಡುಗಿ ಇದ್ದಾಳೆ. ಎಷ್ಟು ತಿದ್ದಿದರೂ ಆಕಾಶಕ್ಕೆ ನೀಲಿ ಹಚ್ಚುವುದಿಲ್ಲ. ನಿನ್ನೆ ಹಳದಿ ಬಳಿದಳು. ಅವಳನ್ನು ಪಾಠದಿಂದ ಬಿಡಿಸಿಬಿಡಲೇ?"

ಗುರುಗಳು ಒಂದು ಕತೆ ಹೇಳಿದರು.

ಕಡಲ ತಡಿಯ ಊರಿನಲ್ಲಿ ಒಬ್ಬ ಚಿತ್ರಗಾರನಿದ್ದ. ಮಕ್ಕಳಿಗೆ ಬೆಟ್ಟ, ಬಯಲು, ಬಾನು ಬರೆಯಲು ಕಲಿಸುತ್ತಿದ್ದ. ತಾನು ಬರೆದ ಚಿತ್ರವೊಂದನ್ನು ಗೋಡೆಗೆ ತೂಗುಹಾಕಿ, ಮಕ್ಕಳ ಗಮನ ಚೆದುರದಿರಲೆಂದು ಕಿಟಕಿ ಮುಚ್ಚಿಸುತ್ತಿದ್ದ. ಇಪ್ಪತ್ತು ಮಕ್ಕಳು ಬರೆದರೂ ಇಪ್ಪತ್ತು ಚಿತ್ರಗಳೂ ಅಚ್ಚೊತ್ತಿದಂತಿರುತ್ತಿದ್ದವು. ಅದನ್ನು ಕಂಡು ಅವನು ಬೀಗುತ್ತಿದ್ದ.

ಅವರಲ್ಲಿ ಉಪ್ಪು ತೆಗೆಯುವವನ ಮಗಳೊಬ್ಬಳಿದ್ದಳು. ಉಪ್ಪಿನ ಗದ್ದೆಯಲ್ಲಿ ದೊಡ್ಡವರು ಬಗ್ಗಿ ಉಪ್ಪು ಗೋರುವಾಗ ಪಡುವಣದ ಮೇಲೆ ಕಣ್ಣಿಡುವುದು ಮಕ್ಕಳ ಪಾಲಿನ ಕೆಲಸ. ಮಳೆಯ ಸುಳಿವು ಸಿಕ್ಕ ಕೂಡಲೇ ಕೂಗಿದರೆ ರಾಶಿಗೆ ತೆಂಗಿನ ಗರಿ ಹೊದಿಸಲು ಸಮಯ ಸಿಗುತ್ತದೆ. ಆ ಹುಡುಗಿ ಒಂದು ದಿನ ಆಕಾಶದ ಅಂಚಿಗೆ ತಾಮ್ರದ ಬಣ್ಣ ಹಚ್ಚಿದಳು.

"ಆಕಾಶ ನೀಲಿ ಕಣೇ," ಎಂದ ಚಿತ್ರಗಾರ.

"ಇವತ್ತು ಹಾಗಿಲ್ಲ, ಮೇಷ್ಟ್ರೇ."

ಅವನು ನಕ್ಕು, ಅವಳ ಕೈ ಹಿಡಿದು ಆ ತಾಮ್ರದ ಬಣ್ಣದ ಮೇಲೆ ನೀಲಿ ಬಳಿಸಿದ. ವರ್ಷವಿಡೀ ಹೀಗೆಯೇ ತಿದ್ದಿದ. ಕೊನೆಗೆ ಅವಳ ಚಿತ್ರವೂ ಉಳಿದವರ ಚಿತ್ರದಂತೆಯೇ ಆಯಿತು. ಎಲ್ಲರ ಮುಂದೆ ಅವಳನ್ನು ಬಾಯ್ತುಂಬ ಹೊಗಳಿದ. ಹುಡುಗಿ ಹಿಗ್ಗಿದಳು.

ಬೇಸಿಗೆಯ ಕೊನೆಯಲ್ಲಿ ಒಂದು ಮಧ್ಯಾಹ್ನ ಅವಳು ಗದ್ದೆಯ ಬದುವಿನ ಮೇಲೆ ಚಿತ್ರ ಬರೆಯುತ್ತ ಕುಳಿತಿದ್ದಳು. ಪಡುವಣ ಹೇಗಿದೆಯೆಂದು ಅಪ್ಪ ಕೂಗಿ ಕೇಳಿದ. ಅವಳು ತಲೆಯೆತ್ತದೆ ನೀಲಿ ಎಂದಳು. ಅಪ್ಪ ನಂಬಿದ. ಸ್ವಲ್ಪ ಹೊತ್ತಿಗೆಲ್ಲ ಮಳೆ ಸುರಿಯಿತು. ಇಡೀ ಬೇಸಿಗೆಯ ದುಡಿಮೆ ಕಣ್ಣೆದುರೇ ಕರಗಿಹೋಯಿತು.

ಸುದ್ದಿ ಕೇಳಿ ಚಿತ್ರಗಾರ ಓಡಿಬಂದ. ಹುಡುಗಿ ಅಪ್ಪನ ಕಾಲು ತಬ್ಬಿ ಅಳುತ್ತಿದ್ದಳು. ಅಪ್ಪ ಬೈಯಲಿಲ್ಲ.

"ಇವಳ ಕಣ್ಣು ಒಮ್ಮೆಯೂ ತಪ್ಪಿದ್ದಿಲ್ಲ, ಮೇಷ್ಟ್ರೇ. ಇವತ್ತು ಏನಾಯಿತೋ," ಎಂದ.

ಏನಾಯಿತೆಂದು ಚಿತ್ರಗಾರನಿಗೆ ಗೊತ್ತಿತ್ತು. ನಾಚಿಕೆಯಿಂದ ಅವನ ತಲೆ ತಗ್ಗಿತು. ಮರುದಿನವೇ ಗೋಡೆಯ ಚಿತ್ರ ಇಳಿಸಿ ಕಿಟಕಿ ತೆರೆದ. ಆದರೆ ಆ ಹುಡುಗಿ ಮತ್ತೆ ಕುಂಚ ಮುಟ್ಟಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ, "ಹಾಗಾದರೆ ನನ್ನ ಹುಡುಗಿಯ ಹಳದಿಯನ್ನು ಸರಿ ಎನ್ನಲೇ, ತಪ್ಪು ಎನ್ನಲೇ?" ಎಂದು ಕೇಳಿದ.

ಗುರುಗಳು ಅವನ ಮುಖ ನೋಡಿ ಹೇಳಿದರು: "ನಿನ್ನೆ ಆಕಾಶ ಯಾವ ಬಣ್ಣದ್ದಾಗಿತ್ತು, ಅದನ್ನು ಹೇಳು."